ಒದ್ದೆ ಕಂಬಳಿ

ಬೆಳಿಗ್ಗೆ ಬಿಜ್ಜರಗಿಯಲ್ಲಿ ಬಾಯಿತನಕ ತುಂಬಿಸಿಕೊಂಡು ಬಂದ ಬಾಟಲಿಯಲ್ಲಿ ನೀರು ಎರಡು ಬೆರಳಷ್ಟು ಮಾತ್ರ ಇಳಿದಿತ್ತು. ಬೋರವ್ವ ಅದನ್ನು ದವಾಖಾನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ತೊಡೆಯ ಮೇಲಿಟ್ಟುಕೊಂಡಳು, ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ಹಿಡಿದಳು. ಕುಡಿಯಬೇಕಾದ ಸೊಸೆ ಶಾಂಭವಿ ಪಕ್ಕದ ಕುರ್ಚಿಯಲ್ಲಿ ಮೊಣಕಾಲು ಜೋಡಿಸಿ, ತುಂಬಿದ ಹೊಟ್ಟೆಯ ಮೇಲೆ ಸೆರಗು ಹೊದ್ದು, ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಈಗೀಗ ಅವಳು ಕೂರುವುದೇ ಹೀಗೆ, ತುದಿಯಲ್ಲಿ, ಅರ್ಧ ಎದ್ದವಳ ಹಾಗೆ, ಯಾರೋ ಬಂದು ಏಳು ಎಂದು ಗದರಿಸುತ್ತಾರೆ ಎನ್ನುವ ಹಾಗೆ. ಅದನ್ನು ನೋಡಿದರೆ ಬೋರವ್ವನಿಗೆ ಮೈ ಉರಿಯುತ್ತಿತ್ತು. ಒಳಗೆ ಸ್ಕ್ಯಾನಿಂಗ್ ಮಾಡಿದಾತ ಪರದೆಯಿಂದ ಕಣ್ಣು ಕೀಳದೆ, ಕೂಸಿನ ಸುತ್ತ ನೀರು ಬಹಳ ಕಡಿಮೆಯಿದೆ, ಇವರು ನೀರೇ ಕುಡಿಯುವುದಿಲ್ಲವೇನು ಎಂದು ಕೇಳಿದ್ದ. ಕೇಳಿದ್ದು ಸೊಸೆಯನ್ನಲ್ಲ, ಅತ್ತೆಯನ್ನು. ಎತ್ತಿಗೆ ನೀರು ತೋರಿಸಿಲ್ಲವೇನು ಎಂದು ಒಡೆಯನನ್ನು ಕೇಳುವ ಧಾಟಿ. ಹಿಂದೆಯೇ ನಿಂತಿದ್ದ ಬೀಗತಿ ತಾಯವ್ವ, ಶಾಂಭವಿಯ ಹೆತ್ತವ್ವ, ಮಗಳನ್ನು ಇಲ್ಲಿಂದಲೇ ಬಾಣಂತನಕ್ಕೆ ಕರೆದೊಯ್ಯಲು ಬಬಲೇಶ್ವರದಿಂದ ಬಂದವಳು, ಆ ಮಾತನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಹೊರಗೆ ಬಂದ ಮೇಲೆ, ಗೋಡೆಗೆ ಹೇಳುವವಳ ಹಾಗೆ, ನಮ್ಮ ಮನೆಯಲ್ಲಿದ್ದಾಗ ಹುಡುಗಿ ತಂಬಿಗೆ ಎತ್ತಿದರೆ ಬರಿದಾಗುವ ತನಕ ಇಳಿಸುತ್ತಿರಲಿಲ್ಲ ಎಂದಳು.

ಉತ್ತರ ಕೊಡಬೇಕೆಂದರೆ ಬೋರವ್ವನ ಹತ್ತಿರ ಎಷ್ಟೋ ಇತ್ತು. ಸೀಮಂತದ ಕುಬಸ ಮುಗಿದ ದಿನವೇ ಕರೆದುಕೊಂಡು ಹೋಗಬೇಕಾದ ಮಗಳನ್ನು ಅಮಾವಾಸ್ಯೆ ಕಳೆಯಲಿ ಎಂದು ಬಿಟ್ಟುಹೋದವರು ಯಾರು? ಆವತ್ತಿನಿಂದ ತಂಬಿಗೆ ಹಿಡಿದು ಈಕೆಯ ಹಿಂದೆ ಹಿಂದೆ ತಿರುಗಿದವರು ಯಾರು? ನೀರು ಕೊಟ್ಟರೆ ತುಟಿಗೆ ತಾಗಿಸಿ ಕೆಳಗಿಡುತ್ತಾಳೆ, ಮಜ್ಜಿಗೆ ಕೊಟ್ಟರೆ ಬೆಕ್ಕಿಗೆ ಹಾಕುತ್ತಾಳೆ. ಮಗ ಅಮಸಿದ್ದನಿಗೆ ಹೇಳಿದರೆ, ಅವನಿಗೆ ದ್ರಾಕ್ಷಿ ಗಾಡಿ ತುಂಬಿ ಕಳಿಸುವುದೇ ದೊಡ್ಡದು. ಹೆಂಗಸರ ಮಾತು ನೀವೇ ನೋಡಿಕೊಳ್ಳಿ ಎನ್ನುತ್ತಾನೆ. ನೋಡಿಕೊಂಡದ್ದಕ್ಕೆ ಈ ಮರ್ಯಾದೆ. ಬೋರವ್ವ ಕಾಲು ಒಂದರ ಮೇಲೊಂದು ಹಾಕಿ ಬಿಗಿಹಿಡಿದು ಕೂತಳು. ಅವಳಿಗೂ ಹೋಗಬೇಕಾಗಿತ್ತು. ಇಲ್ಲಿಯ ಸಂಡಾಸಿಗೆ ಬೀಗ, ಕೀಲಿ ಕೌಂಟರಿನ ಗಾಜಿನ ಹಿಂದೆ ಕೂತ ಹುಡುಗಿಯ ಹತ್ತಿರ. ಅಷ್ಟು ಗಂಡಸರು ಕೂತಿರುವಾಗ ಅದನ್ನು ಕೇಳಿ ಇಸಿದುಕೊಂಡು, ಕೈಯಲ್ಲಿ ಆಡಿಸುತ್ತ ನಡೆದುಹೋಗುವುದೆಂದರೆ ಎಲ್ಲಿಗೆ ಹೊರಟೆನೆಂದು ಡಂಗುರ ಸಾರಿದ ಹಾಗೆ. ಅದಕ್ಕೇ ಪೇಟೆಗೆ ಹೊರಡುವ ದಿನ ಅವಳು ಎದ್ದಾಗಿನಿಂದ ಗುಟುಕು ನೀರು ಕುಡಿಯುತ್ತಿರಲಿಲ್ಲ. ಅವಳ ಅತ್ತೆ ಕಲಿಸಿದ್ದು ಅದು. ಕುರಿ ಹೊಡೆದುಕೊಂಡು ಟಿಕೋಟಾದ ಆಚೆ ಹೋಗುವಾಗಲೂ ಗಂಡಸರು ಬನ್ನಿಗಿಡ ಕಂಡಲ್ಲಿ ನಿಲ್ಲುತ್ತಿದ್ದರು, ಹೆಂಗಸರು ಹೊತ್ತು ಮುಳುಗುವುದನ್ನು ಕಾಯುತ್ತಿದ್ದರು. ತಡೆದುಕೊಳ್ಳುವುದು ಒಂದು ಕಸುಬು. ಅದನ್ನು ಕಲಿತವಳು ಮನೆತನದ ಹೆಣ್ಣು.

ಕಲಿಯದವಳು ಗದ್ದುಗೆಯ ಕಂಬಳಿಯನ್ನೇ ಒದ್ದೆ ಮಾಡುತ್ತಾಳೆ. ಬೋರವ್ವ ಆ ದಿನವನ್ನು ನೆನೆಯಬಾರದು ಅಂದುಕೊಂಡಷ್ಟೂ ಅದು ಕಣ್ಣೆದುರಿಗೇ ಬಂದು ಕೂರುತ್ತಿತ್ತು. ಕುಬಸದ ದಿನ ಹೊಟ್ಟೆಯವಳನ್ನು ಕೂರಿಸುವುದು ಕರಿಕಂಬಳಿಯ ಮೇಲೆ. ಮಾವನ ಕೈಯ ಕಂಬಳಿ, ಮನೆಯ ದೇವರ ಕಾರ್ಯಕ್ಕಲ್ಲದೆ ಬೇರೆಯದಕ್ಕೆ ಬಿಚ್ಚಿದ್ದಿಲ್ಲ. ಜೋಳ ಚೆಲ್ಲಿ, ಅರಿಸಿನದ ಭಂಡಾರ ಹಚ್ಚಿ, ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಉಡಿ ತುಂಬುವಾಗ ಯಾರೋ ಏನೋ ಅಂದು ಹುಡುಗಿ ನಕ್ಕಳು. ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು. ಆರತಿಗೆ ಎಬ್ಬಿಸಿದರೆ ಏಳಲೊಲ್ಲಳು. ಕೈ ಹಿಡಿದು ಎಬ್ಬಿಸಿದಾಗ ಕಂಬಳಿಯ ನಡುವೆ ತಂಬಿಗೆ ಉರುಳಿದಷ್ಟು ಒದ್ದೆ. ಜೋಳದ ಕಾಳು ಒದ್ದೆಗೆ ಅಂಟಿಕೊಂಡಿದ್ದವು. ಬಳಗದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಕೂಸಿಗಿಂತ ಮೊದಲು ಕೂಸಿನ ಅವ್ವನಿಗೇ ಲಂಗೋಟಿ ಹೊಲಿಸಬೇಕು ಎಂದು ಒಬ್ಬಳು ಅಂದಳು. ಬೋರವ್ವನೂ ನಕ್ಕಳು, ನಗದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ನಕ್ಕು, ಸೊಸೆಯ ಸೆರಗು ಸರಿಪಡಿಸುವ ನೆಪದಲ್ಲಿ ಕಿವಿಯ ಹತ್ತಿರ ಬಾಗಿ ಒಂದು ಮಾತು ಹೇಳಿದಳು. ಆಮೇಲೆ ಹುಡುಗಿ ಮುಖ ಎತ್ತಿದ್ದಿಲ್ಲ.

ಡಾಕ್ಟರಮ್ಮ ಕರೆದರು. ವಯಸ್ಸಿನಲ್ಲಿ ಬೋರವ್ವನ ಮಗಳಾಗಬಹುದಾದವರು, ಚೀಟಿ ನೋಡುತ್ತಲೇ ಮಾತಾಡುವವರು, ಆದರೆ ಮಾತಿನಲ್ಲಿ ಒರಟಿರಲಿಲ್ಲ. ಒಂಬತ್ತರಲ್ಲಿ ಬಿದ್ದಿದೆ, ಕೂಸು ಬೆಳೆದಿದೆ, ಎದೆಬಡಿತ ಚೆನ್ನಾಗಿದೆ, ನೀರು ಮಾತ್ರ ಕಡಿಮೆ ಎಂದರು. ಆ ನೀರಿನಲ್ಲೇ ಕೂಸು ಈಜುತ್ತದೆ, ಕೈಕಾಲು ಚಾಚುತ್ತದೆ. ತಾಯಿ ಎಡವಿ ಬಿದ್ದರೆ ಪೆಟ್ಟನ್ನು ಆ ನೀರೇ ನುಂಗಿಕೊಳ್ಳುತ್ತದೆ. ಅದನ್ನು ಒಳಗೆಳೆದು ಹೊರಬಿಟ್ಟು ಉಸಿರಾಟದ ರೂಢಿ ಮಾಡಿಕೊಳ್ಳುತ್ತದೆ. ಅದು ಬತ್ತಿದರೆ ಹೊಕ್ಕುಳಬಳ್ಳಿ ಮೈಯಡಿ ಸಿಕ್ಕಿ ಒತ್ತುತ್ತದೆ ಎಂದರು. ತಾಯವ್ವ ತಲೆಯಾಡಿಸುತ್ತ ಒಂದೊಂದು ಮಾತಿಗೂ ಬೋರವ್ವನ ಕಡೆ ನೋಡಿದಳು. ಬೋರವ್ವನಿಗೆ ತಡೆಯಲಾಗಲಿಲ್ಲ.

"ಕುಡದ ನೀರಽ ಅಲ್ಲೇನ್ರಿ ಅಲ್ಲಿಗಿ ಹೋಗೂದು? ನಾ ಕೊಡೂದಽ ಇಲ್ಲ ಅಂತ ಬರದಬಿಡ್ರಿ ಹಂಗಾರ."

"ಕುಡೀಬೇಕು, ಅದೂ ಬೇಕು. ಆದ್ರ ಈ ತಿಂಗಳದಾಗ ಆ ನೀರು ಬಾಳಷ್ಟು ಕೂಸಿನ ಮೂತ್ರನಽ, ಅಜ್ಜಿ. ನುಂಗ್ತದ, ಬಿಡ್ತದ, ಮತ್ತ ನುಂಗ್ತದ."

ಬೋರವ್ವ ಇದನ್ನು ಚೇಷ್ಟೆ ಅಂದುಕೊಂಡಳು. ಓದಿದವರು ಹಳ್ಳಿಯವರ ಜೊತೆ ಇಂಥ ಚೇಷ್ಟೆ ಮಾಡುತ್ತಾರೆ. ಆಗ ಡಾಕ್ಟರಮ್ಮ ಚೀಟಿಯಿಂದ ತಲೆಯೆತ್ತಿ ಶಾಂಭವಿಯನ್ನು ನೇರ ಕೇಳಿದರು, ಕೆಳಗೆ ನೀರು ಸೋರಿದೆಯೇ, ಬಟ್ಟೆ ತಾನಾಗಿ ಒದ್ದೆಯಾಗುತ್ತದೆಯೇ? ಶಾಂಭವಿ ಅತ್ತೆಯ ಕಡೆ ನೋಡಿದಳು. ಒಂದೇ ಗಳಿಗೆ. ಕಟ್ಟಿಹಾಕಿದ ಕುರಿ ಹಗ್ಗ ಹಿಡಿದವರನ್ನು ನೋಡುವ ನೋಟ. ನೀರು ಕೊಡುವುದಿಲ್ಲ ಅಂತ ದೂರು ಹೇಳಲು ಹೊರಟಳು ಇವಳು ಅಂದುಕೊಂಡು ಬೋರವ್ವ ಕಣ್ಣು ಕೆಕ್ಕರಿಸಿದಳು. ಶಾಂಭವಿ ಇಲ್ಲರಿ ಅಂದಳು. ಹಾಗಾದರೆ ಚೆನ್ನಾಗಿ ನೀರು ಕುಡಿಸಿ, ಎಡಮಗ್ಗುಲಿಗೆ ಮಲಗಿಸಿ, ಎರಡು ದಿನ ಬಿಟ್ಟು ಕರೆತನ್ನಿ. ನೀರು ಹೋದರೆ ಮಾತ್ರ ಆ ಗಳಿಗೆಯೇ ಬರಬೇಕು, ಹೊರಗಿನ ನಂಜು ಒಳಗೆ ಹೊಕ್ಕರೆ ತಾಯಿಗೂ ಕೂಸಿಗೂ ಕುತ್ತು ಎಂದರು ಡಾಕ್ಟರಮ್ಮ.

ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ತಗಡಿನಿಂದ ಕೆಳಗಿಳಿದು ಕಾಲಿಗೆ ಬಡಿಯುತ್ತಿತ್ತು. ತಾಯವ್ವ ಬಬಲೇಶ್ವರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಲು ಹೋದಳು. ಹೋಗುವ ಮುಂಚೆ ಮಗಳ ಬಟ್ಟೆಯ ಚೀಲವನ್ನು ಬೋರವ್ವನ ಕೈಯಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು, ಇನ್ನು ಇದು ನಿಮ್ಮದಲ್ಲ ಎನ್ನುವ ಹಾಗೆ. ಹೋಗಲಿ, ಹೋಗಲಿ. ಹೋದರೆ ತಾನೂ ಟಿಕೋಟಾ ಬಸ್ಸು ಹತ್ತಿ ಮನೆ ಸೇರಬಹುದು, ಹಿತ್ತಲಿಗೆ ಹೋಗಬಹುದು, ಕೊಡಕ್ಕೇ ಬಾಯಿ ಹಚ್ಚಿ ನೀರು ಕುಡಿಯಬಹುದು. ಎರಡು ದಿನದ ಮೇಲೆ ಬರುವುದು ಅವರ ಕೆಲಸ. ಆದರೆ ನೀರು ಕಡಿಮೆಯಾದದ್ದು ಬೋರವ್ವನ ಮನೆಯಲ್ಲಿ ಎನ್ನುವ ಮಾತು ಬಬಲೇಶ್ವರದ ಸಂತೆಯಲ್ಲಿ ಸೊಪ್ಪಿನ ಜೊತೆ ಮಾರಾಟವಾಗುತ್ತದೆ. ಆ ಯೋಚನೆಗೆ ಅವಳ ಕೈ ತಾನಾಗಿ ಬಾಟಲಿಯ ಮುಚ್ಚಳ ತಿರುಗಿಸಿತು. ಕುಡಿ ಅಂದಳು. ಶಾಂಭವಿ ಬಾಟಲಿ ಇಸಿದುಕೊಂಡು ತುಟಿಗೆ ತಾಗಿಸಿದಳು, ಗಂಟಲು ಆಡಲಿಲ್ಲ. ಬೋರವ್ವ ಅವಳ ಗದ್ದ ಹಿಡಿದಳು. ಸುತ್ತ ಜನ ನೋಡುತ್ತಿದ್ದರು. ಕೊಟ್ಟ ಕೈಗೆ ಕೆಟ್ಟ ಹೆಸರು ತರಬೇಕು ಅಂತಲೇ ಹಟ ಹಿಡಿದಿದ್ದೀಯೇನು, ನಿನಗೆ ನಾನು ಏನು ಮಾಡಿದ್ದೇನೆ ಎಂದಳು. ಶಾಂಭವಿಯ ಕಣ್ಣಲ್ಲಿ ನೀರು ಬಂತು. ಅದೊಂದು ನೀರು ಮಾತ್ರ ಬೇಕಾದಾಗ ಬರುತ್ತದೆ ಅನ್ನಿಸಿತು ಬೋರವ್ವನಿಗೆ.

"ಕುಡದಷ್ಟೂ ಹೋಗತೈತ್ರಿ ಅತ್ತಿ. ತಡಕೊಳ್ಳಾಕ ಆಗವಲ್ದು. ಬಸ್ಸಿನ್ಯಾಗ ಮತ್ತ ಹಂಗಾತಂದ್ರ ನಾ ಎಲ್ಲಿ ಹೋಗ್ಲಿ?"

"ಯಾವಾಗಿಂದ?"

"ಕುಬಸದ ದಿನದಿಂದ. ಬಟ್ಟಿ ಮಡಚಿ ಇಟ್ಕೊಂತೀನ್ರಿ. ನೀರ ಕಡಿಮಿ ಕುಡದ್ರ ಕಡಿಮಿ ಆಗತೈತಿ ಅಂತ ಮಾಡೀನಿ."

ಬೋರವ್ವನ ಕೈ ಗದ್ದದಿಂದ ಕೆಳಗಿಳಿಯಿತು. ವಾಸನೆ ಹೇಗಿದೆ ಎಂದು ಕೇಳಿದಳು. ಕೇಳುತ್ತಿರುವಾಗಲೇ ಉತ್ತರ ಅವಳ ಮೂಗಿನಲ್ಲಿತ್ತು. ಉಚ್ಚೆಯ ವಾಸನೆ ಇಲ್ಲ, ಅದೇ ತಿಳಿಯುವುದಿಲ್ಲ ಅಂದಳು ಶಾಂಭವಿ. ಕುಬಸದ ಸಂಜೆ ಬೋರವ್ವ ಆ ಕಂಬಳಿಯನ್ನು ತೊಳೆಯುವ ಮೊದಲು ಸಿಟ್ಟಿನಲ್ಲಿ ಬೇಲಿಯ ಮೇಲೆ ಒಗೆದಿದ್ದಳು. ಕೆಳಗೆ ಕಟ್ಟಿದ್ದ ಗಬ್ಬದ ಕುರಿ, ಇವತ್ತೋ ನಾಳೆಯೋ ಈಯುವಂಥದು, ಮೇವು ಬಿಟ್ಟು ಕಂಬಳಿಗೆ ಮೂಗು ಹಚ್ಚಿತು. ಮೂಸಿತು, ನೆಕ್ಕಿತು, ಓಡಿಸಿದರೆ ಮತ್ತೆ ಬಂತು. ಗಂಟಲೊಳಗೆ ಗುರುಗುರು ಎಂದು ಒಂದು ದನಿ ತೆಗೆಯಿತು. ಕುರಿ ಆ ದನಿ ತೆಗೆಯುವುದು ಒಂದಕ್ಕೇ, ಹಸಿಮೈಯ ಮರಿಗೆ. ಹುಟ್ಟಿದಾಗಿನಿಂದ ಕುರಿಯ ನಡುವೆ ಇದ್ದವಳು ಬೋರವ್ವ. ಕುರಿಯ ನೀರಚೀಲ ಒಡೆದ ಜಾಗವನ್ನು ಅದು ಬಿಟ್ಟು ಕದಲುವುದಿಲ್ಲ, ನೆಲವನ್ನೇ ನೆಕ್ಕುತ್ತ ನಿಲ್ಲುತ್ತದೆ. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಒಗ್ಗಿಸಬೇಕೆಂದರೆ ಆ ಕುರಿಯ ಈದ ನೀರನ್ನೇ ಮರಿಯ ಮೈಗೆ ಸವರಬೇಕು, ಆಗಲೇ ಅದು ನನ್ನದು ಎನ್ನುತ್ತದೆ. ಎಷ್ಟು ಮರಿಗೆ ಸವರಿದ್ದಾಳೋ ಅವಳು, ಈ ಕೈಯಿಂದಲೇ. ಆ ವಾಸನೆ ಅವಳಿಗೆ ರೊಟ್ಟಿಯ ವಾಸನೆಯಷ್ಟು ಗೊತ್ತು. ಗೊತ್ತಿದ್ದೂ ಆವತ್ತು ಕುರಿಗೆ ಕೋಲಿನಿಂದ ಒಂದು ಬಿಟ್ಟಿದ್ದಳು, ನೀನೂ ಒಬ್ಬಳು ಬಂದೆಯೇನು ನನ್ನ ಮಾನ ತೆಗೆಯಲು ಎಂದು. ಕುರಿಗೆ ತಿಳಿದದ್ದು ತನಗೆ ತಿಳಿಯಲಿಲ್ಲ ಎನ್ನುವುದಲ್ಲ ಈಗ ಚುಚ್ಚಿದ್ದು. ಹೆಂಗಸರು ನಗದೇ ಇದ್ದಿದ್ದರೆ ತನಗೂ ತಿಳಿಯುತ್ತಿತ್ತು. ಸಿಟ್ಟು ಮೂಗಿಗೂ ಅಡ್ಡ ಬರುತ್ತದೆ.

ಅಷ್ಟರಲ್ಲಿ ಬಬಲೇಶ್ವರದ ಬಸ್ಸು ಹಿಮ್ಮುಖವಾಗಿ ಬಂದು ನಿಂತಿತು. ಜನ ಬಾಗಿಲಿಗೆ ಮುತ್ತಿದರು. ತಾಯವ್ವ ಹೊರಗಿನಿಂದಲೇ ಕಿಟಕಿಯೊಳಗೆ ಕೈ ಹಾಕಿ ಸೀಟಿನ ಮೇಲೆ ಟವೆಲ್ಲು ಒಗೆದು ಜಾಗ ಹಿಡಿದಳು, ಅಲ್ಲಿಂದಲೇ ಕೈಬೀಸಿ ಕರೆದಳು. ಶಾಂಭವಿ ಏಳಲು ಕುರ್ಚಿಯ ಕೈ ಹಿಡಿದಳು. ಬೋರವ್ವನೊಳಗೆ ಯಾರೋ ಸದ್ದಿಲ್ಲದೆ, ಕಳಿಸಿಬಿಡು ಅಂದರು. ಕಳಿಸಿಬಿಟ್ಟರೆ ಕೆಲಸ ಮುಗಿಯಿತು. ಬಸ್ಸಿನಲ್ಲಿ ಒದ್ದೆಯಾದರೆ ಆ ಒದ್ದೆ ತಾಯವ್ವನ ಟವೆಲ್ಲಿನ ಮೇಲೆ. ಆಮೇಲೆ ಏನಾದರೂ ಆದರೆ ಅದು ಅವರ ಮನೆಯಲ್ಲಿ, ಅವರ ಕೈಯಲ್ಲಿ, ಅವರ ಅಮಾವಾಸ್ಯೆ ನೋಡಿದ ಪಂಚಾಂಗದಲ್ಲಿ. ಆವತ್ತು ಕಿವಿಯಲ್ಲಿ ಹೇಳಿದ ಮಾತು ಕೇಳಿದ್ದು ಈ ಹುಡುಗಿ ಒಬ್ಬಳೇ, ಈಕೆ ಸತ್ತರೂ ಬಾಯಿ ಬಿಡುವವಳಲ್ಲ. ಸತ್ತರೂ ಎನ್ನುವ ಮಾತು ಮನಸ್ಸಿನಲ್ಲಿ ಹಾಗೇ ನಿಂತುಬಿಟ್ಟಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಸರಿಯದು. ಬೋರವ್ವ ಎದ್ದು ಹೋಗಿ ತಾಯವ್ವನ ಹೆಗಲಿನಿಂದ ಬಟ್ಟೆಯ ಚೀಲ ಎಳೆದುಕೊಂಡಳು.

ತಾಯವ್ವ ಕಕ್ಕಾಬಿಕ್ಕಿಯಾದಳು. ಕಳಿಸುವ ಮನಸ್ಸಿಲ್ಲದಿದ್ದರೆ ಮೊದಲೇ ಹೇಳಬೇಕಿತ್ತು, ಜಾಗ ಹಿಡಿದ ಮೇಲೆ ಇದೆಂಥ ಆಟ, ನೀರು ಕುಡಿಸದೇ ಬತ್ತಿಸಿದ್ದು ಸಾಲದೇ ಎಂದು ಅಂದೇಬಿಟ್ಟಳು. ಬೋರವ್ವ ದವಾಖಾನೆಗೆ ಮರಳಿ ಹೋಗಬೇಕು ಎಂದಷ್ಟೇ ಹೇಳಿದಳು. ಏಕೆ ಎಂದು ಹೇಳಲು ನಾಲಿಗೆ ತಿರುಗಲಿಲ್ಲ, ಸುತ್ತ ಜನ. ಬಸ್ಸು ಟವೆಲ್ಲನ್ನು ಒಳಗಿಟ್ಟುಕೊಂಡೇ ಹೋಯಿತು. ಆಟೋದಲ್ಲಿ ಪ್ರತಿ ಗುಂಡಿಗೂ ಬೋರವ್ವನ ಕೈ ಸೊಸೆಯ ಹೊಟ್ಟೆಯ ಕಡೆ ಹೋಗಿ, ಮುಟ್ಟಲು ಧೈರ್ಯ ಬಾರದೆ, ಮುಂದಿನ ಸರಳನ್ನು ಹಿಡಿಯುತ್ತಿತ್ತು. ಪೆಟ್ಟು ನುಂಗಿಕೊಳ್ಳುವ ನೀರು ಎಷ್ಟು ಉಳಿದಿದೆಯೋ.

ಗಾಜಿನ ಹಿಂದಿನ ಹುಡುಗಿಯ ಎದೆಯ ಮೇಲೆ ಸಮ್ರೀನ ಎಂದು ಬರೆದಿತ್ತು. ಡಾಕ್ಟರು ಊಟಕ್ಕೆ ಹೊರಟಿದ್ದಾರೆ, ಸಂಜೆ ಬನ್ನಿ ಎಂದಳು. ಬೋರವ್ವ ಗಾಜಿನ ತೂತಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು. ಸಮ್ರೀನ ಕಿವಿಯ ಮೇಲೆ ಕೈಯಿಟ್ಟು, ಜೋರಾಗಿ ಹೇಳಿ ಎಂದು ಸನ್ನೆ ಮಾಡಿದಳು. ಹಿಂದೆ ಗಂಡಸರ ಸಾಲು. ಬೀಡಿ ವಾಸನೆಯ ಒಬ್ಬ ಮುದುಕ ಅವಳ ಹೆಗಲಿಗೇ ನಿಂತಿದ್ದ. ಸಂಡಾಸಿನ ಕೀಲಿ ಕೇಳಲು ಬಾರದ ಬಾಯಿ ಅದು.

"ನನ್ನ ಸೊಸಿಗಿ ಕೆಳಗ ನೀರ ಹೊಂಟೈತಿ. ಕೂಸಿನ ನೀರ. ಡಾಕ್ಟರ್‌ನ ಕರೀರಿ."

ಹೇಳಿದ ಮೇಲೆ ಹಿಂದೆ ಎಲ್ಲರೂ ಸುಮ್ಮನಾದದ್ದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು. ಮುದುಕ ದಾರಿ ಬಿಟ್ಟು ಸರಿದ. ಸಮ್ರೀನ ಎದ್ದು ಓಡಿದಳು.

ಪರದೆಯ ಹಿಂದೆ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಬಂದರು. ಮುಖ ಬಿಗಿದಿತ್ತು. ನೀರಚೀಲ ಎಲ್ಲೋ ಮೇಲೆ ಸಣ್ಣದಾಗಿ ಹರಿದಿದೆ, ಹನಿ ಹನಿ ಹೋಗುತ್ತಿದೆ, ಇದು ಕುಡಿಸಿ ತುಂಬುವ ನೀರಲ್ಲ ಎಂದರು. ಯಾವಾಗಿನಿಂದ ಎಂದು ಕೇಳಿದರು. ಎಷ್ಟು ದಿನವಾಗಿದೆ ಎನ್ನುವುದರ ಮೇಲೆ ಔಷಧ, ಅದರ ಮೇಲೆಯೇ ಇವತ್ತು ಕೂಸನ್ನು ಹೊರಗೆ ತೆಗೆಯಬೇಕೋ ಕಾಯಬೇಕೋ ಎನ್ನುವುದು, ಸರಿಯಾಗಿ ಹೇಳಿ ಎಂದರು. ಶಾಂಭವಿ ಮಂಚದ ಮೇಲಿಂದ ಅವ್ವನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ನಿನ್ನೆಯಿಂದ ಎಂದಳು. ತನ್ನನ್ನು ಉಳಿಸಲು ಹೇಳಿದಳೋ, ತನಗೆ ಹೆದರಿ ಹೇಳಿದಳೋ, ಬೋರವ್ವನಿಗೆ ತಿಳಿಯಲಿಲ್ಲ. ಯಾವುದಾದರೂ ಒಂದೇ. ಆ ಒಂದು ಮಾತಿಗೆ ತಾನು ಸುಮ್ಮನಿದ್ದರೆ ಸಾಕು, ಎಲ್ಲರ ಮಾನವೂ ಉಳಿಯುತ್ತದೆ. ಡಾಕ್ಟರಮ್ಮನ ಪೆನ್ನು ಕಾಗದಕ್ಕೆ ತಾಗಿತು.

"ನಿನ್ನಿಯಿಂದ ಅಲ್ರಿ," ಎಂದಳು ಬೋರವ್ವ. "ಅಮಾಸಿಗಿ ಮೊದಲ ಕುಬಸ ಮಾಡಿದ್ವಿ, ಇವತ್ತಿಗಿ ಎಂಟ ದಿನ. ಆವತ್ತಿನಿಂದ."

ಪೆನ್ನು ನಿಂತಿತು. ತಾಯವ್ವ ನಿಧಾನವಾಗಿ ತಿರುಗಿದಳು. ಆವತ್ತು ಅವಳೂ ಅಲ್ಲೇ ಇದ್ದಳು, ಆರತಿ ತಟ್ಟೆ ಹಿಡಿದು.

"ಆವತ್ತ ಆಕಿ ಕಿವ್ಯಾಗ ಏನಂದ್ರಿ ಬೀಗರ?"

"ನಾಯಿನೂ ಹೊರಗ ಹೋಗಿ ಮಾಡ್ತೈತಿ ಬೇ ಅಂದೆ. ಇದು ಯಾರಿಗರ ಗೊತ್ತಾತಂದ್ರ ನಿನ್ನ ತವರಿಗಿ ಅಟ್ಟತೀನಿ ಅಂದೆ."

ತಾಯವ್ವ ಕೈ ಎತ್ತುತ್ತಾಳೆ ಅನ್ನಿಸಿತು. ಎತ್ತಿದ್ದರೆ ಹಗುರವಾಗುತ್ತಿತ್ತು. ತಾಯವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುರ್ಚಿ ಹುಡುಕಿ ಕೂತಳು. ಅಮಾವಾಸ್ಯೆ ಎಂದು ಬಿಟ್ಟುಹೋದದ್ದು ನಾನಲ್ಲವೇ, ನೋಡಿಯೂ ನಕ್ಕದ್ದು ನಾನಲ್ಲವೇ ಎಂದು ಸೆರಗಿನೊಳಗೇ ಏನೋ ಅನ್ನುತ್ತಿದ್ದಳು. ಡಾಕ್ಟರಮ್ಮ ಬೈಯಲಿಲ್ಲ, ಬೈಯಲು ಅವರಿಗೆ ಹೊತ್ತಿರಲಿಲ್ಲ. ಇಬ್ಬರು ನರ್ಸುಗಳಿಗೆ ಏನೇನೋ ಹೇಳಿದರು. ಸೂಜಿ ಬಂತು, ಕೈಗೆ ನಳಿಕೆ ಬಂತು. ಹೊಟ್ಟೆಗೆ ಪಟ್ಟಿ ಬಿಗಿದು ಒಂದು ಪೆಟ್ಟಿಗೆ ಹಚ್ಚಿದರು. ಅದರೊಳಗಿನಿಂದ ಕುರಿಹಿಂಡು ಡಾಂಬರು ರಸ್ತೆ ದಾಟುವ ಸಪ್ಪಳ ಬಂತು, ಬಿರುಸಾಗಿ, ಒಂದನ್ನೊಂದು ಒತ್ತಿಕೊಂಡು. ನಡುವೆ ಒಮ್ಮೆ ನಿಧಾನವಾಯಿತು, ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು, ಮತ್ತೆ ಹಿಂಡು ಓಡತೊಡಗಿತು. ಇನ್ನು ಕಾಯುವುದಿಲ್ಲ ಎಂದರು ಡಾಕ್ಟರಮ್ಮ. ಇಲ್ಲಿಂದ ಬಾಯಿಗೆ ಏನೂ ಕೊಡಬಾರದು, ನೀರೂ ಕೊಡಬಾರದು, ಹನಿಯೂ ಸೈತ ಎಂದು ನರ್ಸು ಬೋರವ್ವನ ಕೈಯ ಬಾಟಲಿ ನೋಡಿ ಎರಡು ಸಲ ಹೇಳಿದಳು.

ಮಂಚಕ್ಕೆ ಗಾಲಿಗಳಿದ್ದವು. ಅದನ್ನು ತಿರುಗಿಸುವಷ್ಟು ಹೊತ್ತು ಬೋರವ್ವ ಪಕ್ಕದಲ್ಲಿ ನಿಂತಳು. ಶಾಂಭವಿಯ ತುಟಿ ಬಿರಿದು ಸಿಪ್ಪೆ ಎದ್ದಿತ್ತು. ಅಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ, ಬಾಟಲಿ ನೋಡಿದ್ದಳು, ತಂಬಿಗೆ ನೋಡಿದ್ದಳು. ಹುಡುಗಿ ಈಗ ಮೊಣಕಾಲು ಬಿಟ್ಟು, ಮೈಬಿಟ್ಟು ಮಲಗಿದ್ದಳು. ಕೆಳಗೆ ಹಾಸಿದ ಬಿಳಿಬಟ್ಟೆ ಒದ್ದೆಯಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಅವಳು ಕೈ ಆಡಿಸಲಿಲ್ಲ. ಕಣ್ಣು ತೆರೆದು ಅತ್ತೆಯ ಕೈ ನೋಡಿದಳು.

"ಅತ್ತಿ, ನೀರ ಕೊಡ್ರಿ. ಬಾಳ ನೀರಡಿಕಿ ಆಗೇತಿ."

ಕುಬಸದ ದಿನದಿಂದ ಅವಳು ತಾನಾಗಿ ನೀರು ಕೇಳಿದ್ದು ಇದೇ ಮೊದಲು. ಬಾಟಲಿ ಬೋರವ್ವನ ಕೈಯಲ್ಲೇ ಇತ್ತು, ಬಾಯಿತನಕ, ಎರಡು ಬೆರಳು ಕಡಿಮೆ. ನರ್ಸು ಅಡ್ಡ ಕೈ ಹಿಡಿದಳು. ಬೋರವ್ವ ಮುಚ್ಚಳ ತೆಗೆದು ತನ್ನ ಸೆರಗಿನ ತುದಿಗೆ ನೀರು ಹಾಕಿದಳು, ಅದನ್ನು ಬಿಗಿಯಾಗಿ ಹಿಂಡಿದಳು, ಹನಿ ಉಳಿಯದ ಹಾಗೆ ಮತ್ತೊಮ್ಮೆ ಹಿಂಡಿ, ಆ ಒದ್ದೆಯಿಂದ ಸೊಸೆಯ ತುಟಿ ಒರೆಸಿದಳು. ಹುಡುಗಿ ಸೆರಗನ್ನು ತುಟಿಯಲ್ಲೇ ಹಿಡಿದುಕೊಂಡಳು. ಮಂಚ ಹೊರಟಿತು. ಸೆರಗು ಬಿಡುವ ತನಕ ಬೋರವ್ವ ಅದರ ಜೊತೆಗೇ ನಡೆದಳು.